ದೀಪ ದೊಡ್ಡದು ಮಾಡ್ರಿ

ಸಂಜೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ಎಲ್ಲ ಕೆಟ್ಟದ್ದು ಅಲ್ಲಿಂದ. ಕರೆಂಟು ಹೋಗಿದ್ದಾಗ ಯಾರಿಗೂ ಏನೂ ಆಗಿರಲಿಲ್ಲ. ಬಂದದ್ದೇ ಫ್ಯಾನು ತಿರುಗಿತು, ಕಿಟಕಿಯ ಪರದೆ ಎದ್ದು ಉರಿಯುತ್ತಿದ್ದ ಹಿತ್ತಾಳೆಯ ಸಮೆಯ, ಅಂದರೆ ದೀಪದ ಕಂಬದ, ಕಡೆ ಕೈ ಚಾಚಿತು.

ಬೈಲಹೊಂಗಲದ ಒಂದು ಬೀಜ-ಗೊಬ್ಬರದ ಅಂಗಡಿಯ ಮೇಲಿನ ಕೋಣೆ ಅದು. ಅಲ್ಲಿ ನಾವು ಇಂಗ್ಲಿಷ್ ಮಾತಾಡಲು ಕಲಿಯುತ್ತಿದ್ದೆವು. ಇತಿಹಾಸದಲ್ಲಿ ಎಂ.ಎ. ಮಾಡಿದ ನನಗೆ ಸಂದರ್ಶನಗಳಲ್ಲಿ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅಂದ ಕೂಡಲೆ ನನ್ನ ಬಗ್ಗೆ ಏನೂ ನೆನಪಾಗುತ್ತಿರಲಿಲ್ಲ, ಅದಕ್ಕೇ ಸೇರಿದ್ದೆ. ಬಾಗಿಲು ಹಾಕಿದ ಮೇಲೆ ಒಳಗೆ ಕನ್ನಡ ಮಾತಾಡುವಂತಿಲ್ಲ ಎಂಬುದು ಕ್ಲಾಸಿನ ಕಾನೂನು. ಸವದತ್ತಿಯಿಂದ ಬರುತ್ತಿದ್ದ ನಮ್ಮ ಸರ್ ಹುಟ್ಟಿನಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಅವರಿಗೆ ಚಹಾ ಹೇಳುವಷ್ಟು ಬರುತ್ತಿತ್ತು.

ರಾಮದುರ್ಗದ ಕಡೆಯ ಒಬ್ಬ ಹತ್ತಿ ದಲಾಲಿ ಸಾವ್ಕಾರರು ನಮ್ಮ ಜೊತೆ ಕಲಿಯುತ್ತಿದ್ದರು. ದಿನಾ ಹೊರಡುವಾಗ "ಸರ್, ಐ ಗೋ ಆ್ಯಂಡ್ ಕಮ್" ಅನ್ನುತ್ತಿದ್ದರು. ಸರ್ ಮೊದಲ ವಾರ ಅವರು ವಾಪಸು ಬರುತ್ತಾರೆಂದು ಬಾಗಿಲು ತೆರೆದಿಟ್ಟು ಕಾದಿದ್ದರಂತೆ.

ಕ್ಲಾಸಿನಲ್ಲಿ ಎಲ್ಲರಿಗಿಂತ ಹಿರಿಯರು, ನಾವೆಲ್ಲ ಕಾಕು ಎಂದು ಕರೆಯುತ್ತಿದ್ದ ಹೆಂಗಸು. ಅವರ ಸೊಸೆ ಕೇರಳದವಳು, ಕನ್ನಡ ಬಾರದು. "ಅಲ್ಲರಿ ಕಾಕು, ಈ ವಯಸ್ಸಿನ್ಯಾಗ ಇಂಗ್ಲಿಷ್ ಯಾಕರಿ?" ಎಂದು ಸಾವ್ಕಾರರು ಮೆಟ್ಟಿಲ ಮೇಲೆ ಕೆಣಕಿದಾಗ ಕಾಕು ಹೇಳಿದ್ದರು: "ಸೊಸಿ ಕೂಡ ಜಗಳಾಡಾಕ ಬೇಕಲ್ಲೋ ಮಾರಾಯಾ. ಬರೇ ನಕ್ಕೊಂತ ಎಷ್ಟ ದಿನಾ ಸಂಸಾರ ಮಾಡೂದು?"

ಅಂದು ಕ್ಲಾಸಿಗೆ ಒಂದು ವರ್ಷ ತುಂಬಿತ್ತೆಂದು ಸರ್ ಸಮೆ ಹಚ್ಚಿಸಿದ್ದರು. ಹಚ್ಚಿದ್ದು ಕಾಕು. ಗೌರವಕ್ಕೆಂದು ಅವರನ್ನು ಅದರ ಪಕ್ಕದಲ್ಲೇ, ಗೋಡೆಗೂ ಮೇಜಿಗೂ ನಡುವೆ ಕೂರಿಸಲಾಗಿತ್ತು. ಮೊಣಕಾಲು ಹಿಡಿದ ಹೆಂಗಸು, ಮೇಜು ಸರಿಸದೆ ಏಳುವಂತಿರಲಿಲ್ಲ. ಪರದೆ ಅವರ ತಲೆಯ ಮೇಲೇ ಹಾರಾಡುತ್ತಿತ್ತು.

ನಮ್ಮ ಕಡೆ ದೀಪ ಆರಿಸು ಅನ್ನುವುದಿಲ್ಲ. ಅದು ಅಪಶಕುನದ ಮಾತು. ಬಳೆ ಒಡೆದರೆ ಹೆಚ್ಚಿತು ಅನ್ನುತ್ತೇವೆ, ದೀಪ ಆರಿಸಬೇಕಾದರೆ ದೊಡ್ಡದು ಮಾಡು ಅನ್ನುತ್ತೇವೆ. ಕಾಕು ಹುಟ್ಟಿದಾಗಿನಿಂದ ದೀಪ ಆರಿಸಿದವರೇ ಅಲ್ಲ, ಬರೀ ದೊಡ್ಡದು ಮಾಡಿದವರು. ಈಗ ಪರದೆ ನೋಡಿದರು, ಸಮೆ ನೋಡಿದರು, ಕಾನೂನಿಗೆ ತಲೆಬಾಗಿ ಕೂಗಿದರು:

"ಸರ್! ಮೇಕ್ ಲ್ಯಾಂಪ್ ಬಿಗ್!"

ಸರ್ ಬೋರ್ಡಿನಿಂದ ತಿರುಗಿದರು. ಮುಖ ಅರಳಿತ್ತು. ಕಾಕು ತಾವಾಗಿ ಬಾಯಿ ತೆರೆದದ್ದು ಅದೇ ಮೊದಲು. "ವೇರ್ ಈಸ್ ದಿ ಆರ್ಟಿಕಲ್? ವಿಚ್ ಲ್ಯಾಂಪ್? ದಿಸ್ ಲ್ಯಾಂಪ್. ಸೋ?"

"ದ! ದ ಲ್ಯಾಂಪ್! ಮೇಕ್ ದ ಲ್ಯಾಂಪ್ ಬಿಗ್!" ಕಾಕು ಪರದೆಯ ಕಡೆ ಬೆರಳು ಮಾಡುತ್ತಿದ್ದರು.

"ಗುಡ್! ಬಾಡಿ ಲ್ಯಾಂಗ್ವೇಜ್ ಆಲ್ಸೋ ಗುಡ್. ಬಟ್ ದಿಸ್ ಈಸ್ ಆ್ಯನ್ ಆರ್ಡರ್. ಹೌ ಡು ಯು ಆಸ್ಕ್ ಪೊಲೈಟ್ಲಿ?"

ಪರದೆಯ ಅಂಚು ಉರಿಯನ್ನು ಮುಟ್ಟಿ ಹಿಂದೆ ಸರಿಯಿತು. ಕಾಕು ಮೂರು ತಿಂಗಳು ಗಟ್ಟಿ ಮಾಡಿದ ವಾಕ್ಯ ಆ ಹೊತ್ತಿಗೆ ಸರಿಯಾಗಿ, ಒಂದು ತಪ್ಪೂ ಇಲ್ಲದೆ ಬಂತು.

"ಸರ್, ಕುಡ್ ಯು ಪ್ಲೀಸ್ ಮೇಕ್ ದ ಲ್ಯಾಂಪ್ ಬಿಗ್?"

"ಎಕ್ಸಲೆಂಟ್! ಕ್ಲ್ಯಾಪ್ಸ್!"

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಕನ್ನಡದಲ್ಲಿ ಆ ಮಾತು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಎದ್ದು ಆರಿಸಿಬಿಡುತ್ತಿದ್ದೆ. ದಿನಾ ಮನೆಯಲ್ಲಿ ಅವ್ವನ ಬಾಯಲ್ಲಿ ಕೇಳುವ ಮಾತು ಕೋಟು ಹಾಕಿಕೊಂಡು ಬಂದರೆ ನನಗೆ ಗುರುತು ಸಿಗಲಿಲ್ಲ. ಸರ್ ಮಾತ್ರ ಶಿಷ್ಯೆಯ ವಿನಯಕ್ಕೆ ಮೆಚ್ಚಿ, ಸಮೆಗೆ ಎಣ್ಣೆ ಸುರಿದು, ಬತ್ತಿಗಳನ್ನು ಮುಂದಕ್ಕೆ ಎಳೆದು, ದೀಪವನ್ನು ನಿಜಕ್ಕೂ ದೊಡ್ಡದು ಮಾಡಿದರು.

ಪರದೆ ಒಮ್ಮೆಗೆ ಹತ್ತಿಕೊಂಡಿತು. ಉರಿಯುವ ತುಂಡೊಂದು ಕಾಕುವಿನ ಸೆರಗಿನ ಮೇಲೆ ಬಿತ್ತು. ಹಿಂದಿನ ಬೆಂಚಿನಿಂದ ಯಾರೋ "ಸರ್, ಫೈರ್ ಈಸ್ ಕಮಿಂಗ್!" ಅಂದರು. ಸರ್ ಅಭ್ಯಾಸಬಲದಿಂದ "ಹ್ಯಾಸ್ ಕಮ್" ಅಂದರು. ಆಮೇಲೆ ಅವರಿಗೇ ತಾವು ಹೇಳಿದ್ದು ಕೇಳಿಸಿತು.

"ಹಾಳಾಗಿ ಹೋಗ್ಲಿ ನಿಮ್ಮ ಇಂಗ್ಲಿಷ್! ಸುಡಾಕತ್ತೈತಿ, ಜಗ್ಗ್ರ್ಯೋ ನನ್ನ!" ಕಾಕು ಕಾನೂನು ಮುರಿದರು.

ಕನ್ನಡ ಕೇಳಿದ್ದೇ ಎಲ್ಲರಿಗೂ ಕೈಕಾಲು ಬಂತು. ಸಾವ್ಕಾರರು ಮೇಜು ಕೆಡವಿ, ಕೆಳಗಿದ್ದ ಜಮಖಾನ ಎಳೆದು ಕಾಕುವಿಗೆ ಸುತ್ತಿದರು. ನಾನು ಕುಡಿಯುವ ನೀರಿನ ಕೊಡ ಎತ್ತಿ ಪರದೆಯ ಮೇಲೆ ಸುರಿದೆ. ಆಮೇಲೆ ಹೊಗೆ, ಕೆಮ್ಮು, ಸುಟ್ಟ ಬಟ್ಟೆಯ ವಾಸನೆ. ಜಮಖಾನದೊಳಗಿಂದ ಕಾಕುವಿನ ದನಿ ಕೇಳಿಸುವ ತನಕ ನಾನು ಖಾಲಿ ಕೊಡ ಹಿಡಿದೇ ನಿಂತಿದ್ದೆ.

ಬಲಗೈ ಮೊಣಕೈ ತನಕ ಸುಟ್ಟಿತ್ತು. ಜೀವ ಉಳಿಯಿತು.

ಮುಂದಿನ ವಾರ ಕ್ಲಾಸು ಮತ್ತೆ ಶುರುವಾಯಿತು. ಕಾನೂನಿಗೆ ಒಂದು ತಿದ್ದುಪಡಿ: ಪ್ರಾಣಾಪಾಯದಲ್ಲಿ ಕನ್ನಡಕ್ಕೆ ಅವಕಾಶ ಉಂಟು, ಆದರೆ ಮೊದಲು 'ಎಕ್ಸ್‌ಕ್ಯೂಸ್ ಮಿ' ಅನ್ನಬೇಕು. ಅಂದಿನ ಪಾಠ 'ಪುಟ್ ಔಟ್'.

"ಎಕ್ಸ್‌ಕ್ಯೂಸ್ ಮಿ ಸರ್, ಪುಟ್ ಔಟ್ ಅಂದ್ರ ಹೊರಗ ಇಡೂದಲ್ಲರಿ? ಉರಿಯೂ ದೀಪಾ ಹೊರಗಿಟ್ರ ಓಣಿ ಸುಡಂಗಿಲ್ಲೇನು?" ಸಾವ್ಕಾರರು ಕೇಳಿದರು.

ಸರ್ ಅದು ಫ್ರೇಜಲ್ ವರ್ಬ್ ಎಂದು ಬಿಡಿಸಿ ಹೇಳಿದರು. ಸಾವ್ಕಾರರು ಬಿಡಲಿಲ್ಲ. "ಮತ್ತ ಬರ್ನ್ ಡೌನ್? ಉರಿ ಮ್ಯಾಲ ಹೋಗೂದು ನಾ ಕಣ್ಣಾರೆ ನೋಡೇನಿ. ಇವರಿಗೆ ಯಾಕ ಕೆಳಗ ಕಾಣತೈತಿ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ತಲೆಯಲ್ಲಿ ಆ ವಾಕ್ಯ ಓಡುತ್ತಲೇ ಇತ್ತು: ಕುಡ್ ಯು ಪ್ಲೀಸ್. ಮನೆಯಲ್ಲಿ ಅವ್ವ "ದೀಪ ದೊಡ್ಡದು ಮಾಡವಾ" ಅಂದಾಗಲೆಲ್ಲ ಮೊದಲು ಎಣ್ಣೆಯ ಬಾಟಲಿ ದೂರ ಇಡುತ್ತಿದ್ದೆ. ಆರಿಸಿ ಬಂದು ಮಲಗಿದರೂ ಮತ್ತೆ ಮತ್ತೆ ಎದ್ದು ದೇವರ ಕೋಣೆ ನೋಡಿ ಬರುತ್ತಿದ್ದೆ. ಕಣ್ಣು ಹತ್ತಿದರೆ ಚಪ್ಪಾಳೆ ಕೇಳಿಸುತ್ತಿತ್ತು. ಕಾಕು ಮೂರು ಸಲ ಸರಿಯಾದ ಮಾತನ್ನೇ ಹೇಳಿದ್ದರು. ಪ್ರತಿ ಸಲವೂ ವ್ಯಾಕರಣ ಇನ್ನಷ್ಟು ಚೊಕ್ಕವಾಗಿತ್ತು. ಅರ್ಥ ಮಾತ್ರ ಯಾರಿಗೂ ಮುಟ್ಟಲಿಲ್ಲ.

ಕಾಕು ಕ್ಲಾಸಿಗೆ ಮತ್ತೆ ಬರಲೇ ಇಲ್ಲ. ಮಾರ್ಕೆಟ್ಟಿನಲ್ಲಿ ಜನ "ಏನರಿ ಕಾಕು, ಲ್ಯಾಂಪ್ ಬಿಗ್ ಆತೇನು?" ಅನ್ನುತ್ತಿದ್ದರಂತೆ.

ಕೈಯ ಪಟ್ಟಿ ಬಿಚ್ಚಿದರೆಂದು ತಿಳಿದು ಒಂದು ಶನಿವಾರ ಸಂಜೆ ಅವರ ಮನೆಗೆ ಹೋದೆ. ಅತ್ತೆ ಸೊಸೆ ಕಿತ್ತೂರಿಗೆ, ನೆಂಟರ ಮನೆಯ ಕಾರ್ಯಕ್ಕೆ ಹೊರಟು ನಿಂತಿದ್ದರು. ಇಷ್ಟು ದಿನ ಕಾಕುವಿನ ಗಾಯ ತೊಳೆದು ಮುಲಾಮು ಹಚ್ಚಿದವಳು ಆ ಸೊಸೆಯೇ. "ಕೈ ಹಿಡಕೊಂಡು ದಿನಾ ಎದುರಿಗೆ ಕುಂತ್ರ ಎಷ್ಟ ಹೊತ್ತು ಸುಮ್ಮನಿರಾಕ ಆಕ್ಕೈತಿ, ತಂಗಿ?" ಅಂದರು ಕಾಕು. "ಆಕಿಗೆ ನಾ ಕನ್ನಡ ಹೇಳಿಕೊಟ್ಟೆ. ಈಗ ಜಗಳಾ ಚಲೋತ್ನಂಗ ಆಗಾಕತ್ತಾವು."

ದೇವರ ಮುಂದೆ ಹಣತೆ ಉರಿಯುತ್ತಿತ್ತು. ಮೇಲೆ ಕಿಟಕಿ, ಕಿಟಕಿಗೆ ಪರದೆ. ಬೀಗ ಕೈಯಲ್ಲಿ ಹಿಡಿದು ಕಾಕು ಬಾಗಿಲಿಂದಲೇ ಸೊಸೆಗೆ ಕೂಗಿ ಹೇಳಿದರು: "ಅವ್ವಾ, ದೀಪ ದೊಡ್ಡದು ಮಾಡಿ ಬಾ."

ನಾನು ಥಟ್ಟನೆ ಪರದೆಯ ಕಡೆ ನೋಡಿದೆ. ಕೇರಳದ ಹುಡುಗಿ ಹಣತೆಯ ಮುಂದೆ ಕೂತಳು. ಎಣ್ಣೆಯ ಬಾಟಲಿ ಕೈಗೆ ಸಿಗುವಷ್ಟು ಹತ್ತಿರದಲ್ಲಿತ್ತು. ಅವಳು ಅದನ್ನು ಮುಟ್ಟಲಿಲ್ಲ. ದೇವರ ಪಾದದಿಂದ ಒಂದು ಸೇವಂತಿಗೆ ತೆಗೆದು, ಅದರಿಂದ ಉರಿಯನ್ನು ಮೆಲ್ಲಗೆ ಒತ್ತಿದಳು. ಸಣ್ಣ ಹೊಗೆ ಎದ್ದು ಕಿಟಕಿಯಿಂದ ಹೋಯಿತು.

"ದೊಡ್ಡದು ಮಾಡಿದೆ, ಅತ್ತಿ," ಅಂದಳು.

ಆ ರಾತ್ರಿ ನಾನು ಬೆಳಗಿನ ತನಕ ಎಚ್ಚರವಾಗದೆ ಮಲಗಿದೆ.