ಅಳತೆ ತಪ್ಪದ ಚಿತ್ರ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಪೀಣ್ಯದ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿದ್ದೆ. ಡ್ರಾಫ್ಟ್ಸ್‌ಮನ್‌ಗಳು ಪೆನ್ಸಿಲಿನಲ್ಲಿ ಬರೆದ ಯಂತ್ರದ ನಕ್ಷೆಯ ಮೇಲೆ ಟ್ರೇಸಿಂಗ್ ಕಾಗದ ಹಾಸಿ, ಒಂದೊಂದು ಗೆರೆಯನ್ನೂ ಕಪ್ಪು ಇಂಕಿನಲ್ಲಿ ಎಳೆಯುವುದು ನನ್ನ ಕೆಲಸ. ಗೆರೆ ತಪ್ಪಿದರೆ ಅರ್ಧ ಬ್ಲೇಡಿನಿಂದ ಕಾಗದ ಹರಿಯದಂತೆ ಕೆರೆದು ಮತ್ತೆ ಎಳೆಯಬೇಕು. ಆಗಿನ್ನೂ ಹುಡುಗಿಯಾಗಿದ್ದ ನನಗೆ ಆ ಕೆಲಸ ಕಲಿಸಿದವಳು ಪಕ್ಕದ ಮೇಜಿನಲ್ಲಿದ್ದ ಅಕ್ಕ. ಒಡಹುಟ್ಟಿದ ಅಕ್ಕನಲ್ಲ. ಬಾಗಲಗುಂಟೆಯಲ್ಲಿ ನಾನೂ ನನ್ನ ಅಣ್ಣನೂ ಬಾಡಿಗೆಗಿದ್ದ ಮನೆಯ ಯಜಮಾನರ ಮಗಳು. ನನಗಿಂತ ಆರೇಳು ವರ್ಷ ದೊಡ್ಡವಳು. ಅವರ ಹೊಲದಲ್ಲಿ ಮುಕ್ಕಾಲು ಪಾಲು ಕೈಗಾರಿಕಾ ಪ್ರದೇಶಕ್ಕೆ ಹೋಗಿತ್ತು. ಹೊಲ ಹೋದ ಮನೆಗೊಂದು ಕೆಲಸ ಎಂದು ಇವಳನ್ನು ಸೇರಿಸಿಕೊಂಡಿದ್ದರಂತೆ. ಇಂಥ ಕೈ ಸಿಗುತ್ತದೆಂದು ಅವರೂ ಎಣಿಸಿರಲಿಕ್ಕಿಲ್ಲ. ಅವಳ ಹಾಳೆಯಲ್ಲಿ ಬ್ಲೇಡು ಆಡಿದ ಗುರುತು ನಾನು ಕಂಡಿದ್ದು ಬಹಳ ಕಡಿಮೆ.

ಆಗ ಕರೆಂಟಿನ ಅಭಾವ. ಎಲ್ಲ ಕಾರ್ಖಾನೆಗಳೂ ಒಟ್ಟಿಗೆ ನಡೆದರೆ ಕರೆಂಟು ಸಾಲದೆಂದು ವಾರದ ರಜೆಯನ್ನು ಬೇರೆ ಬೇರೆ ದಿನಗಳಿಗೆ ಹಂಚಿದ್ದರು. ನಮ್ಮ ಪಾಲಿಗೆ ಬಂದದ್ದು ಬುಧವಾರ. ಊರೆಲ್ಲ ದುಡಿಯುವ ದಿನ ನಮಗೆ ರಜೆ, ಊರೆಲ್ಲ ಮನೆಯಲ್ಲಿರುವ ದಿನ ನಮಗೆ ಕೆಲಸ. ನೆಂಟರಿಷ್ಟರ ಮನೆಗೆ ಹೋದರೆ ಬಾಗಿಲು ಹಾಕಿರುತ್ತಿತ್ತು. ಹಾಗಾಗಿ ಬುಧವಾರ ಬಂದರೆ ಅಕ್ಕನೂ ನಾನೂ ಸಿಟಿ ಬಸ್ಸು ಹತ್ತಿ ಯಶವಂತಪುರದ ಮೇಲೆ ಮೆಜೆಸ್ಟಿಕ್ಕಿಗೆ ಹೋಗಿಬಿಡುತ್ತಿದ್ದೆವು.

ಒಂದು ಬುಧವಾರ ನಿಬ್ಬು ಕೊಳ್ಳಲು ಅವೆನ್ಯೂ ರಸ್ತೆಗೆ ಹೋದೆವು. ಅಂಗಡಿಯ ಬಾಗಿಲ ಮೇಲೆ ಚಿತ್ರಪ್ರದರ್ಶನದ ಕಾಗದವೊಂದನ್ನು ಅಂಟಿಸಿದ್ದರು, ಪ್ರವೇಶ ಉಚಿತ ಎಂದಿತ್ತು. "ದುಡ್ಡಿಲ್ವಂತೆ, ನೋಡ್ಕೊಂಡೇ ಹೋಗಾಣ," ಎಂದಳು ಅಕ್ಕ. ಹೋದೆವು. ಲೈಬ್ರರಿಯೊಂದರ ಮೇಲಂತಸ್ತಿನ ಸಭಾಂಗಣ. ಗೋಡೆಯ ಮೇಲೆ ದೊಡ್ಡ ದೊಡ್ಡ ಬಣ್ಣದ ಹಲಗೆಗಳು. ಮನುಷ್ಯರಿಲ್ಲ, ಮರವಿಲ್ಲ, ಏನೂ ಇಲ್ಲ. ನಾನು ಕೊನೆಯ ಗೋಡೆಯವರೆಗೆ ನಡೆದು ವಾಪಸು ಬಂದೆ. ಅಕ್ಕ ಮೊದಲನೆಯ ಚಿತ್ರದ ಹತ್ತಿರವೇ ನಿಂತಿದ್ದಳು. ಮೂಗು ತಾಗುವಷ್ಟು ಹತ್ತಿರ ಹೋಗಿ ಎರಡು ಬಣ್ಣ ಕೂಡುವ ಅಂಚನ್ನು ನೋಡುತ್ತಿದ್ದಳು. ಕುಂಚ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಎಂದು ಬೆರಳಿನಿಂದ ಗಾಳಿಯಲ್ಲಿ ಎಳೆದು ತೋರಿಸಿದಳು. ಇದು ಏನನ್ನು ಹೇಳುತ್ತದೆ ಎಂದು ಕೇಳಿದ್ದಕ್ಕೆ ತನಗೂ ಗೊತ್ತಿಲ್ಲ, ಆದರೆ ಕೈ ನಡುಗಿಲ್ಲ ಎಂದಳು.

ಆಮೇಲೆ ಅದೇ ಅಭ್ಯಾಸವಾಯಿತು. ಕಂಟೋನ್ಮೆಂಟಿನ ಹಳೇ ಬಂಗಲೆಯೊಂದರಲ್ಲಿ, ಶೇಷಾದ್ರಿಪುರದ ಕಡೆಯ ಒಂದು ಚಿತ್ರಶಾಲೆಯ ವರಾಂಡದಲ್ಲಿ, ಎಲ್ಲಿ ಯಾರು ಚಿತ್ರ ತೂಗುಹಾಕಿದರೂ ಬುಧವಾರ ನಾವು ಹಾಜರು. ವಾರದ ನಡುವಿನ ಮಧ್ಯಾಹ್ನ ಅಲ್ಲಿಗೆ ಬೇರೆ ಯಾರೂ ಬರುತ್ತಿರಲಿಲ್ಲ. ಆಗಷ್ಟೇ ಕಲಿತು ಹೊರಬಂದ ಹುಡುಗರು ತಮ್ಮ ಪ್ರದರ್ಶನವನ್ನು ತಾವೇ ಕಾಯುತ್ತ ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ನಮ್ಮ ಹೆಜ್ಜೆ ಕೇಳಿದರೆ ಎದ್ದು ನಿಲ್ಲುವರು. ಅಭಿಪ್ರಾಯದ ಪುಸ್ತಕದಲ್ಲಿ ಅಕ್ಕ ಊರು ಹೆಸರು ಬರೆದು ಮುಂದಿನ ಜಾಗವನ್ನು ಖಾಲಿ ಬಿಡುತ್ತಿದ್ದಳು. ನಾನು 'ಚೆನ್ನಾಗಿದೆ' ಎಂದು ಬರೆಯುತ್ತಿದ್ದೆ.

ಹಾಗೆ ಪರಿಚಯವಾದವನು ಒಬ್ಬ ಯುವ ಕಲಾವಿದ. ಬಂಗಲೆಯ ಒಂದು ಕೋಣೆ ತುಂಬ ಅವನು ಕಾರ್ಖಾನೆಗಳನ್ನೇ ಬರೆದಿದ್ದ. ಕಪ್ಪು ಚಿಮಣಿಗಳು, ಕೆಂಪು ಹೊಗೆ, ಕೆಳಗೆ ತಲೆ ಬಗ್ಗಿಸಿದ ಜನ. ನಾವು ಒಳಗೆ ಹೋದಾಗ ಕಡಲೆಕಾಯಿ ಬಿಡಿಸುತ್ತಿದ್ದವನು ಸಿಪ್ಪೆಯನ್ನು ಜೇಬಿಗೆ ಹಾಕಿಕೊಂಡು ಎದ್ದ. ಅಕ್ಕ ಎಲ್ಲವನ್ನೂ ನೋಡಿ ಮುಗಿಸಿ, ಇದು ಯಾವ ಫ್ಯಾಕ್ಟರಿ ಎಂದು ಕೇಳಿದಳು. ಯಾವುದೂ ಅಲ್ಲ, ಕಲ್ಪನೆ ಎಂದ.

"ಪೀಣ್ಯದಲ್ಲಿ ಚಿಮಣಿ ಹುಡುಕ್ಬೇಕು ಸಾರ್," ಎಂದಳು ಅಕ್ಕ. "ಬರೀ ಶೆಡ್ಡು. ಯಾರೂ ಇಂಗೆ ತಲೆ ಬಗ್ಸ್ಕೊಂಡಿರಲ್ಲ. ಮಿಷನ್ ಮೇಲೇ ಕಣ್ಣಿರ್ತದೆ."

ಅವನು ಸಿಟ್ಟಾಗುತ್ತಾನೆಂದುಕೊಂಡೆ. ಆಗಲಿಲ್ಲ. ಹೇಗಿರುತ್ತದೆ ತೋರಿಸಿ ಎಂದು ಪ್ರದರ್ಶನದ ಆಮಂತ್ರಣ ಪತ್ರಿಕೆಯನ್ನೇ ಮಗುಚಿ ಕೊಟ್ಟ. ಅಕ್ಕ ಗೋಡೆಗೆ ಒತ್ತಿಟ್ಟುಕೊಂಡು ಅವನ ಪೆನ್ಸಿಲಿನಲ್ಲಿ ಒಂದು ಲೇಥ್ ಯಂತ್ರವನ್ನು ಬರೆದಳು. ಹಿಡಿಯ ಮೇಲೆ ಒಣಗಲು ಹಾಕಿದ ಎಣ್ಣೆಬಟ್ಟೆಯನ್ನೂ ಬರೆದಳು. ಸ್ಕೇಲಿಲ್ಲದೆ ಎಳೆದ ಗೆರೆಗಳು ಸ್ಕೇಲಿಟ್ಟಂತೆ ನೆಟ್ಟಗಿದ್ದವು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. ಇಂಥವು ಇನ್ನೂ ಇವೆಯೇ ಎಂದು ಕೇಳಿದ.

ಇದ್ದವು. ಅದು ನನಗೂ ಆಗಲೇ ಗೊತ್ತಾದದ್ದು. ಕೆಟ್ಟುಹೋದ ಟ್ರೇಸಿಂಗ್ ಹಾಳೆಗಳ ಹಿಂಬದಿಯಲ್ಲಿ ಅವಳು ಎಷ್ಟೋ ಕಾಲದಿಂದ ಬರೆಯುತ್ತಿದ್ದಳು. ಅಟ್ಟದ ಮೇಲೆ ರಾಗಿ ಚೀಲದ ಪಕ್ಕದಲ್ಲಿ ಸುತ್ತಿಟ್ಟಿದ್ದಳು. ನಾಲ್ಕು ತಿಂಗಳ ನಂತರ ಆ ಕಲಾವಿದ ಮತ್ತು ಅವನ ಗೆಳೆಯರು ಸೇರಿ ಹೊಸಬರ ಪ್ರದರ್ಶನವೊಂದನ್ನು ಮಾಡಿದಾಗ ಅಕ್ಕನ ಮೂರು ಚಿತ್ರಗಳು ಅದರಲ್ಲಿದ್ದವು. ಕ್ಯಾಂಟೀನಿನ ನಲ್ಲಿಗಳ ಸಾಲು ಒಂದು. ಬಟ್ಟೆ ಬದಲಿಸುವ ಕೋಣೆಯ ಗೂಟಗಳು ಇನ್ನೊಂದು. ಮೂರನೆಯದು, ಡ್ರಿಲ್ಲಿಂಗ್ ಮಾಡುವಾಗ ಕೆಲಸದ ತುಂಡನ್ನು ಕಚ್ಚಿ ಹಿಡಿದುಕೊಳ್ಳುವ ಒಂದು ಸಾಧನ. ದುಂಡನೆಯ ತಟ್ಟೆ, ಸುತ್ತ ಆರು ತೂತು, ಮೇಲೆ ಓರೆಯಾಗಿ ಬಂದು ಅದುಮಿ ಹಿಡಿಯುವ ಒಂದು ಕ್ಲ್ಯಾಂಪು. ಎದುರಿಗೆ ನಿಂತು ನೋಡಿದಂತೆ, ಹಾಳೆಯ ತುಂಬ ಬರೆದಿದ್ದಳು.

ಪತ್ರಿಕೆಯೊಂದು ಪ್ರದರ್ಶನದ ಬಗ್ಗೆ ನಾಲ್ಕು ಸಾಲು ಬರೆದು, ಜೊತೆಗೆ ಆ ಮೂರನೆಯ ಚಿತ್ರವನ್ನು ಚಿಕ್ಕದಾಗಿ ಅಚ್ಚು ಹಾಕಿತು. ನಮ್ಮ ವರ್ಕ್ಸ್ ಮ್ಯಾನೇಜರ್ ಅದನ್ನು ನೋಡಿದರು. ಆ ಸಾಧನ ನಮ್ಮ ಕಾರ್ಖಾನೆಯಲ್ಲಿ ಆಗ ಹೊಸದಾಗಿ ತಯಾರಾಗುತ್ತಿತ್ತು, ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಪಕ್ಕದ ರಸ್ತೆಯಲ್ಲೇ ಅಂಥದನ್ನು ಮಾಡುವ ಪೈಪೋಟಿಯವರಿದ್ದರು. ಮ್ಯಾನೇಜರ್ ಮೆತ್ತಗೆ ಮಾತಾಡುವ ಮನುಷ್ಯ. ಅಕ್ಕನನ್ನೂ ನನ್ನನ್ನೂ ಕರೆಸಿ, ಕಂಪನಿಯ ನಕ್ಷೆ ಗೇಟು ದಾಟಬಾರದೆಂಬುದು ನಿಮಗೆ ತಿಳಿಯದ್ದೇನಲ್ಲ ಎಂದರು. ನಕ್ಷೆಯಲ್ಲ, ಕಣ್ಣಳತೆಯಲ್ಲಿ ಬರೆದದ್ದು ಎಂದಳು ಅಕ್ಕ. ಹಾಗಾದರೆ ನಾನೇ ನೋಡಬೇಕು ಎಂದರು.

ಬುಧವಾರ ಅವರ ಕಾರಿನಲ್ಲಿ ಪ್ರದರ್ಶನಕ್ಕೆ ಹೋದೆವು. ನನ್ನನ್ನು ಯಾಕೆ ಕರೆದರೆಂದರೆ, ಆ ಸಾಧನದ ನಕ್ಷೆಯನ್ನು ಎರಡು ಸಲ ಟ್ರೇಸ್ ಮಾಡಿದವಳು ನಾನು. ಮೂಲ ಹಾಳೆಯನ್ನು ಹೊರಗೆ ತರುವಂತಿರಲಿಲ್ಲ, ಅದರ ಬದಲಿಗೆ ನನ್ನನ್ನು ತಂದಿದ್ದರು. ಕಲಾವಿದ ಬಾಗಿಲಲ್ಲೇ ನಿಂತಿದ್ದ. ಮ್ಯಾನೇಜರ್ ಕನ್ನಡಕ ಬದಲಿಸಿಕೊಂಡು ಚಿತ್ರದ ಮುಂದೆ ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ನೀವು ಹೇಳಿಯಮ್ಮ. ಇದನ್ನ ನೋಡ್ಕೊಂಡು ಯಾರಾದ್ರೂ ಸಾಮಾನು ಮಾಡಬಹುದಾ?"

ನಾನು ತೂತುಗಳನ್ನು ನೋಡಿದೆ. ಕ್ಲ್ಯಾಂಪಿನ ಓರೆ ನೋಡಿದೆ. ಎಲ್ಲವೂ ಇರಬೇಕಾದಲ್ಲೇ ಇದ್ದವು. ಕೈಯಲ್ಲಿ ಬರೆದದ್ದು ಇಷ್ಟು ಸರಿಯಾಗಿರಲು ಹೇಗೆ ಸಾಧ್ಯವೆಂದು ಆಶ್ಚರ್ಯವೇ ಆಯಿತು. ಅಕ್ಕ ನನ್ನನ್ನು ನೋಡುತ್ತಿರಲಿಲ್ಲ, ಚಿತ್ರವನ್ನು ನೋಡುತ್ತಿದ್ದಳು. ಯೋಚಿಸಿ ಹೇಳಿದೆ ಎಂದರೆ ಸರಿಯಾಗುವುದಿಲ್ಲ. ಬಾಯಿಗೆ ಬಂತು, ಹೇಳಿದೆ.

"ಆಗಲ್ಲ ಸಾರ್. ತೂತಿನ ಅಂತರ ಸರಿಯಿಲ್ಲ. ಕ್ಲ್ಯಾಂಪಿನ ಓರೆನೂ ತಪ್ಪು."

ಮ್ಯಾನೇಜರ್‌ ಮುಖ ಸಡಿಲವಾಯಿತು. ಹಾಗಿದ್ದರೆ ಇದು ಬರೀ ಚಿತ್ರ, ಇರಲಿ, ಆದರೆ ಇನ್ನು ಮುಂದೆ ಹೊಸ ಸಾಮಾನುಗಳನ್ನು ಬರೆಯಬಾರದು ಎಂದು ಅಕ್ಕನಿಗೆ ಹೇಳಿದರು. ಬಂದದ್ದಕ್ಕೆ ಉಳಿದ ಚಿತ್ರಗಳನ್ನೂ ಒಂದು ಸುತ್ತು ನೋಡಿ ಹೋದರು. ನಾವಿಬ್ಬರೂ ಬಸ್ಸು ಹಿಡಿದೆವು.

ಬಸ್ಸು ಯಶವಂತಪುರ ದಾಟಿತು. ಅಕ್ಕ ಕೇಳಿದಳು: "ಯಾವ ತೂತು ತಪ್ಪಾಗದೆ?"

"ಯಾವ್ದೂ ಇಲ್ಲಕ್ಕ. ಚಿತ್ರ ತೆಗೆಸಿಬಿಡ್ತಾರೆ ಅಂತ ಅಂಗಂದೆ."

"ಗೊತ್ತು ಕಣೆ. ಆದ್ರೂ ತಪ್ಪು ಅಂತ ಅವರಿಬ್ಬರ ಮುಂದೆ ಅಂದ್ಬಿಟ್ಟೆಯಲ್ಲ."

ಅಷ್ಟೇ. ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಅಕ್ಕನ ಹಾಳೆಗಳನ್ನು ನಾನು ತಾಳೆ ನೋಡಿ ರುಜು ಹಾಕಬೇಕೆಂದು ಆದೇಶ ಬಂತು. ಕಣ್ಣಳತೆ ತಪ್ಪುವವಳ ಕೆಲಸವನ್ನು ಇನ್ನೊಬ್ಬರು ನೋಡಿದರೆ ಒಳ್ಳೆಯದೆಂದು ಮ್ಯಾನೇಜರ್‌ಗೆ ಅನ್ನಿಸಿರಬೇಕು. ಅವಳಿಂದ ನಿಬ್ಬು ಹಿಡಿಯುವುದನ್ನು ಕಲಿತವಳು ನಾನು. ಅವಳು ಹಾಳೆ ತಂದು ನನ್ನ ಮೇಜಿನ ಮೇಲಿಟ್ಟು ಹೋಗುವಳು. ಹಾಳೆಯ ಕೆಳಗಿನ ರುಜುವಿನ ಚೌಕದಲ್ಲಿ ಅವಳ ಹೆಸರಿನ ಮೊದಲಕ್ಷರದ ಅಡಿಯಲ್ಲಿ ನನ್ನದು ಬೀಳುವುದು. ಮೊದಲ ಕೆಲವು ದಿನ ನೋಡದೆಯೇ ರುಜು ಹಾಕಿದೆ. ಅವಳು ಅದನ್ನು ಗಮನಿಸಿ, ನೋಡಿ ಹಾಕು ಎಂದಳು. ನೋಡಿದೆ. ತಪ್ಪಿರಲಿಲ್ಲ.

ಕಲಾವಿದನಿಂದ ಬೇರೆಯದೇ ಫಜೀತಿಯಾಯಿತು. ನನ್ನ ಮಾತನ್ನು ಅವನು ಪೂರಾ ನಂಬಿದ್ದ. ಮುಂದಿನ ಪ್ರದರ್ಶನಕ್ಕೆ ಅವನು ಅಚ್ಚು ಹಾಕಿಸಿದ ಕಾಗದದಲ್ಲಿ, ಈಕೆ ಯಂತ್ರವನ್ನು ಅಳತೆಯ ಹಿಡಿತದಿಂದ ಬಿಡಿಸಿದ್ದಾಳೆ ಎಂದು ಅಕ್ಕನ ಬಗ್ಗೆ ಬರೆದಿದ್ದ. ಹೊಗಳಿಕೆಯೇ. ಅಕ್ಕ ಅದನ್ನು ಎರಡು ಸಲ ಓದಿ, ಅವನ ಹತ್ತಿರ ಹೋಗಿ, ತನ್ನ ಚಿತ್ರದಲ್ಲಿ ಅಳತೆ ಸರಿಯಾಗಿಯೇ ಇದೆ ಎಂದು ಹೇಳಿದಳು. ಸರಿಯಿರುವುದು ಅಷ್ಟು ಮುಖ್ಯವೇ ಎಂದು ಅವನು ಕೇಳಿದ.

"ನಂಗೆ ಅದೇ ಮುಖ್ಯ," ಎಂದಳು ಅಕ್ಕ.

ಅವನಿಗೆ ಅದು ಹಿಡಿಸಲಿಲ್ಲವೆಂದು ಕಾಣುತ್ತದೆ. ಕಾಗದ ಬದಲಾಗಲಿಲ್ಲ. ಅಕ್ಕ ತನ್ನ ಚಿತ್ರಗಳನ್ನು ಸುತ್ತಿಕೊಂಡು ವಾಪಸು ತಂದಳು.

ವರ್ಷ ತುಂಬುತ್ತಾ ಬಂದಾಗ ಆ ಸಾಧನ ಮಾರುಕಟ್ಟೆಗೆ ಹೋಯಿತು. ಅದರ ಚಿತ್ರವಿದ್ದ ಕರಪತ್ರಗಳನ್ನು ಕಂಪನಿಯವರೇ ಹಂಚಿದರು. ಇನ್ನು ಮುಚ್ಚಿಡುವಂಥದ್ದೇನೂ ಇರಲಿಲ್ಲ. ಕರಪತ್ರ ಹಂಚಿದ ದಿನ ಬೆಳಿಗ್ಗೆ ಅಕ್ಕ ಸುರುಳಿಯನ್ನು ಕಂಕುಳಲ್ಲಿಟ್ಟುಕೊಂಡು ಮ್ಯಾನೇಜರ್ ಕೋಣೆಗೆ ಹೋದಳು. ಹೋಗುವ ಮುಂಚೆ ನನ್ನ ಮೇಜಿನ ಬಳಿ ನಿಂತು, ನಿನ್ನ ಮೇಲೆ ದೂರು ಹೇಳುತ್ತಿಲ್ಲ, ಆದರೆ ಹೇಳಲೇಬೇಕು ಎಂದಳು. ಹೋಗಕ್ಕ ಎಂದೆ. ಮನಸ್ಸಿನಲ್ಲಿ ಹೆದರಿಕೆಯಿತ್ತು.

ಸ್ವಲ್ಪ ಹೊತ್ತಿನಲ್ಲಿ ನನಗೂ ಕರೆ ಬಂತು. ಮೇಜಿನ ಮೇಲೆ ಚಿತ್ರ, ಅದರ ಪಕ್ಕದಲ್ಲಿ ನಾನು ಟ್ರೇಸ್ ಮಾಡಿದ ನಕ್ಷೆ. ಮ್ಯಾನೇಜರ್ ಎರಡು ಮೊನೆಯ ಡಿವೈಡರ್ ಹಿಡಿದು ಒಂದು ತೂತಿನಿಂದ ಮುಂದಿನ ತೂತಿಗೆ ಕಾಲಿಡುತ್ತಾ ಆರನ್ನೂ ಸುತ್ತಿದರು. ತಟ್ಟೆಯ ಅಗಲ ತೆಗೆದು ಕಾಗದದ ಚೂರಿನಲ್ಲಿ ಭಾಗಿಸಿ ನೋಡಿದರು. ಕ್ಲ್ಯಾಂಪಿಗೆ ಕೋನಮಾಪಕ ಇಟ್ಟರು. ಕೊನೆಗೆ ಹೌದು, ಅಳತೆ ಸರಿಯಿದೆ ಎಂದರು. ಅಕ್ಕನಿಗೆ, ನಾಳೆಯಿಂದ ನಿಮ್ಮ ಹಾಳೆ ಯಾರೂ ನೋಡಬೇಕಾಗಿಲ್ಲ ಎಂದರು. ನನಗೆ ಒಂದು ಮಾತೂ ಬೈಯಲಿಲ್ಲ. ಆದರೆ ಆಮೇಲೆ ನಾನು ಅಲ್ಲಿದ್ದ ಐದಾರು ವರ್ಷಗಳಲ್ಲಿ ಅವರು ನನ್ನನ್ನು ಯಾವುದರ ಬಗ್ಗೆಯೂ ಅಭಿಪ್ರಾಯ ಕೇಳಲಿಲ್ಲ. ಅದರಲ್ಲಿ ಅನ್ಯಾಯವೇನೂ ಇತ್ತೆಂದು ನನಗೆ ಅನ್ನಿಸಿಲ್ಲ.

ಅಕ್ಕ ಮುಂದೆ ಎರಡು ಸಲ ಚಿತ್ರ ತೂಗುಹಾಕಿದಳು, ಬೇರೆಯವರ ಜೊತೆ. ತಂದೆ ತೀರಿಕೊಂಡ ಮೇಲೆ ಉಳಿದ ಹೊಲದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸುವ ಹೊಣೆ ಅವಳ ಮೇಲೆ ಬಿತ್ತು. ಕೆಲಸ ಬಿಟ್ಟಳು. ಚಿತ್ರ ಬರೆಯುವುದೂ ನಿಂತಿತು. ಕೇಳಿದರೆ ಪುರುಸೊತ್ತಿಲ್ಲ ಎಂದಳು. ಕೊರಗಿದಂತೆ ಕಾಣಲಿಲ್ಲ. ಆ ಮನೆಗಳ ನಕ್ಷೆಯನ್ನು ಅವಳೇ ಹಾಕಿದಳು. ಗಾರೆ ಕೆಲಸದವರು ಅವಳಿಗೆ ಹೆದರುತ್ತಿದ್ದರು.

ಬುಧವಾರಗಳಲ್ಲಿ ನಾನು ಒಬ್ಬಳೇ ಹೋಗತೊಡಗಿದೆ. ನನಗೆ ಚಿತ್ರ ಬರೆಯಲು ಬರುವುದಿಲ್ಲವೆಂದು ಗೊತ್ತಿತ್ತು, ಬೇಕೆಂದೂ ಅನ್ನಿಸಲಿಲ್ಲ. ಕಲಿತು ಹೊರಬಂದ ಹೊಸ ಹುಡುಗರು, ಹುಡುಗಿಯರು ಸ್ಟೂಲಿನ ಮೇಲೆ ಕೂತಿರುತ್ತಿದ್ದರು. ಹೇಗಿದೆ ಎಂದು ಕೇಳಿದರೆ, ಮೊದಲಿನಂತೆ 'ಚೆನ್ನಾಗಿದೆ' ಎಂದುಬಿಡದೆ, ತಿಳಿದಷ್ಟನ್ನು ಹೇಳುತ್ತಿದ್ದೆ. ತಿಳಿಯದಿದ್ದರೆ ಇನ್ನೊಂದು ಸುತ್ತು ನೋಡಿ ಬರುತ್ತೇನೆಂದು ಹೇಳಿ ಮೊದಲ ಗೋಡೆಗೆ ಹೋಗುತ್ತಿದ್ದೆ.