ಗೋಧಿ ಗೋದಾಮಿನ ವಾರಗಿತ್ತಿಯರು

ಗೋಧಿ ಗೋದಾಮಿನ ಪ್ರಯೋಗಾಲಯದಲ್ಲಿ ಹಿರಿ ಸೊಸೆಗೆ ಒಂದು ಕಾಲದಲ್ಲಿ ರಾಣಿಯ ಮರ್ಯಾದೆಯಿತ್ತು. ರೈತರು ತಂದ ಗೋಧಿಯನ್ನು ಪುಡಿಮಾಡಿ, ಆಸಿಡ್‌ನಲ್ಲಿ ಕುದಿಸಿ, ಅದರಲ್ಲಿ ಪ್ರೋಟೀನ್ ಎಷ್ಟಿದೆಯೆಂದು ಅವಳು ಹೇಳುವವರೆಗೆ ಲಾರಿಗಳು ಗೇಟಿನಲ್ಲೇ ನಿಲ್ಲಬೇಕಿತ್ತು. ಚಾಲಕರು ಕಿಟಕಿಯಲ್ಲಿ ಇಣುಕಿ, "ಮೇಡಂ, ನಮ್ಮದಾಯ್ತಾ?" ಎಂದು ಹಲ್ಲುಗಿಂಜಿದರೆ, ಅವಳು ತಲೆ ಎತ್ತದೆ "ಕಾಯಿರಿ" ಅನ್ನುತ್ತಿದ್ದಳು. ಆ ಒಂದು ಮಾತಿನಲ್ಲಿ ಎಲ್ಲಿಲ್ಲದ ಸುಖ.

ಕಿರಿ ಸೊಸೆಗೆ ಅಲ್ಲಿ ಕೆಲಸ ಕೊಡಿಸಿದವಳೂ ಇವಳೇ. ಸೀಸೆ ತೊಳೆಯಲು ಬಂದ ವಾರಗಿತ್ತಿ, ಹೊಸ ಯಂತ್ರ ಬಂದಾಗ ತರಬೇತಿಗೆ ಹೋಗಿ, ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು. ಬಟ್ಟಲಿಗೆ ಕಾಳು ಸುರಿದರಾಯಿತು. ಕಣ್ಣಿಗೆ ಕಾಣದ, ಕೆಂಪಿನಾಚೆಯ ಬೆಳಕನ್ನು ಯಂತ್ರ ಅದರ ಮೇಲೆ ಹಾಯಿಸುತ್ತದೆ. ಮರಳಿ ಬಂದ ಬೆಳಕನ್ನು ಅಳೆದು ತೇವ, ಪ್ರೋಟೀನ್ ಎರಡನ್ನೂ ಪರದೆಯ ಮೇಲೆ ತೋರಿಸುತ್ತದೆ. ಅಷ್ಟರಲ್ಲಿ ಹಿರಿಯವಳ ಆಸಿಡ್ ಬಿಸಿಯೂ ಆಗಿರುತ್ತಿರಲಿಲ್ಲ. ಚಾಲಕರ ಹಲ್ಲುಗಿಂಜಾಟವೆಲ್ಲ ಈಗ ಆಚೆ ಕಿಟಕಿಗೆ. ಮನೆಯಲ್ಲಿ ಅತ್ತೆಯದೂ ಅದೇ ರಾಗ: "ನಮ್ಮ ಕಿರಿಯವಳು ಕಾಳು ಒಡೀದೇನೇ ಒಳಗೇನಿದೆ ಅಂತ ಹೇಳ್ತಾಳಂತೆ!" ಹಿರಿಯವಳು ಪಾತ್ರೆ ಕುಕ್ಕಿ ಕುಕ್ಕಿ ತೊಳೆದಳು.

ಒಂದು ಬೆಳಿಗ್ಗೆ ಬಾರ್ಲಿಯ ಪರೀಕ್ಷೆ ಮುಗಿಸಿದ ಕಿರಿಯವಳು, ಒಂದೊಂದು ಕಾಳಿಗೂ ಬೇರೆ ಲೆಕ್ಕವಿರುವ ಯಂತ್ರವನ್ನು ಗೋಧಿಗೆ ಬದಲಿಸದೆಯೇ ಗೋಧಿ ಸುರಿದಳು. ಪರದೆಯ ಮೂಲೆಯಲ್ಲಿ 'ಬಾರ್ಲಿ' ಎಂದೇ ಇತ್ತು. ಹಿಂದೆ ನಿಂತಿದ್ದ ಹಿರಿಯವಳ ಕಣ್ಣಿಗೆ ಅದು ಬಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ.

ಪ್ರೋಟೀನ್ ತೀರಾ ಕಡಿಮೆ ಬಂತು. "ನನ್ನ ಗೋಧಿಗೆ ಇಷ್ಟೇನಾ?" ಎಂದು ಲಾರಿ ತಂದಿದ್ದ ರೈತ ಹೆಂಗಸು ರಂಪ ಮಾಡಿದಳು. ಮ್ಯಾನೇಜರ್ ಓಡಿಬಂದು ಎಲ್ಲರೆದುರೇ ಕಿರಿಯವಳನ್ನು ತರಾಟೆಗೆ ತೆಗೆದುಕೊಂಡ. ಹಿರಿಯವಳಿಗೆ ಹಾಲು ಕುಡಿದಷ್ಟು ಸಂತೋಷ.

"ಅಕ್ಕ, ಇದನ್ನ ನೀವೊಂದ್ಸಲ ನೋಡಿ ಕೊಡ್ತೀರಾ?" ಕಿರಿಯವಳು ಅದೇ ಗೋಧಿಯ ಬಟ್ಟಲನ್ನು ಮುಂದೆ ಹಿಡಿದಳು.

ಹಿರಿಯವಳು ತನ್ನ ಆಸಿಡ್ ಪರೀಕ್ಷೆಯನ್ನು ಬೇಕೆಂದೇ ನಿಧಾನವಾಗಿ ಮಾಡಿದಳು. ಆದರೆ ಸುಳ್ಳು ಅಂಕಿ ಹೇಳಲು ನಾಲಿಗೆ ಏಳಲಿಲ್ಲ. ಗೋಧಿ ಚೆನ್ನಾಗಿಯೇ ಇತ್ತು, ಲಾರಿ ಒಳಗೆ ಹೋಯಿತು. ಮ್ಯಾನೇಜರ್ ಹೊಗಳಿದ್ದು ಮಾತ್ರ ಕಿರಿಯವಳನ್ನು: "ಅನುಮಾನ ಬಂದ ತಕ್ಷಣ ಕೇಳಿದ್ರಲ್ಲ, ಅದು ಜಾಣತನ."

"ಬಾರ್ಲಿ ಅಂತಿತ್ತು ಅಕ್ಕ, ನಾನು ನೋಡಲೇ ಇಲ್ಲ. ನೀವಿಲ್ದಿದ್ರೆ ನನ್ನ ಗತಿ ಏನಾಗ್ತಿತ್ತೋ!"

"ನಾನು ನೋಡಿದ್ದೆ."

ಬಾಯಿ ತಪ್ಪಿ ಬಂದ ಮಾತಲ್ಲ. ಅವಳ ಉಪಕಾರ ಸ್ಮರಣೆಯನ್ನು ಸಹಿಸಲಾಗದೆ ಹಿರಿಯವಳು ಬೇಕೆಂದೇ ಅಂದಳು. ಕಿರಿಯವಳು ಕುರ್ಚಿಯನ್ನು ಅವಳತ್ತ ತಿರುಗಿಸಿದಳು.

"ಹೇಳ್ಬಹುದಿತ್ತಲ್ಲ, ಅಕ್ಕ?"

"ಹೇಳ್ಬಹುದಿತ್ತು."

ಆ ಸಂಜೆ ಇಬ್ಬರೂ ಬೇರೆ ಬೇರೆಯಾಗಿ ಮನೆ ಸೇರಿದರು. ಅತ್ತೆ ಯಾಕೆಂದು ಕೇಳಿದಾಗ ಕಿರಿಯವಳು, "ಅಕ್ಕಂಗೆ ಕೆಲಸ ಇತ್ತು ಅತ್ತೆ" ಎಂದು ಮಾತು ಮುಗಿಸಿದಳು. ಚಾಡಿ ಹೇಳಿದ್ದರೆ ಜಗಳವಾಡಿ ಹಗುರಾಗಬಹುದಿತ್ತು. ಈಗ ಅದಕ್ಕೂ ದಾರಿಯಿಲ್ಲದೆ ಹಿರಿಯವಳ ಹೊಟ್ಟೆ ಇನ್ನಷ್ಟು ಉರಿಯಿತು. ಬೆಳಿಗ್ಗೆ ತಾನೇ ಮೊದಲು ಮಾತಾಡಿಸಬೇಕು ಅಂದುಕೊಂಡು ಮಲಗಿದಳು.

ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತಿದ್ದಾಗ ಹೊರಗಿನಿಂದ ಕೂಗು ಬಂತು: "ಅಕ್ಕ, ಬಸ್ ಬಂತು, ಬೇಗ ಬನ್ನಿ!"

ಅದರಲ್ಲೂ ಅವಳೇ ಮುಂದು.