ಟರೆಟ್ ಕೋಣೆಯ ಸಾಕ್ಷಿ

ಕಳೆದ ತಿಂಗಳು ನಾನು ಕೋರ್ಟಿನ ಕಟಕಟೆ ಹತ್ತಿ ನಿಜವನ್ನೇ ಹೇಳಿದೆ. ಅಂದಿನಿಂದ ಅಂಧೇರಿ ಸ್ಟೇಷನ್ನಿನಲ್ಲಿ ಇಳಿದವನು ನೇರ ರಸ್ತೆ ಬಿಟ್ಟು, ಮೀನು ಮಾರ್ಕೆಟ್ಟಿನ ಹಿಂದಿನಿಂದ ಸುತ್ತಿಕೊಂಡು ಮನೆ ಸೇರುತ್ತಿದ್ದೇನೆ.

ನೇರ ರಸ್ತೆಯಲ್ಲಿ ಒಂದು ಹಳೆಯ ಬಂಗಲೆ ಇದೆ. ಅದರ ಒಂದು ಮಗ್ಗುಲಿಗೆ ದುಂಡನೆಯ ಗೋಪುರ. ಅದು ನನ್ನ ಕಣ್ಣಿಗೆ ಬೀಳಬಾರದು, ಅಷ್ಟೆ.

ನಿಜ ಹೇಳಿದವನಿಗೆ ನಾಚಿಕೆ ಯಾಕೆ? ಹೇಳುತ್ತೇನೆ. ಇದರಲ್ಲಿ ನಿಮ್ಮದೂ ಸ್ವಲ್ಪ ಪಾಲಿದೆ.

ಹೋದ ಮಳೆಗಾಲದಲ್ಲಿ ಇದೇ ಅಂಕಣದಲ್ಲಿ ಪತ್ರೊಡೆಯ ಬಗ್ಗೆ ಬರೆದದ್ದು ಕೆಲವರಿಗಾದರೂ ನೆನಪಿರಬಹುದು. (ನಿಮಗೆ ನೆನಪಿದ್ದರೆ ಒಳ್ಳೆಯದು. ನನ್ನ ನೆನಪಿನ ಪಾಡೇ ಈ ವಾರದ ಸಂಗತಿ.) ಹತ್ತು ವರ್ಷದ ಹಿಂದಿನ ಮಾತು, ಮಹಾಯುದ್ಧದ ಕಾಲ. ನಾನು ತತ್ತ್ವಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಆ ಬಂಗಲೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಮೇಲೆ ಗೋಪುರದ ಕೋಣೆಯಲ್ಲಿ ಉಡುಪಿ ಕಡೆಯ ಒಂದು ಸಂಸಾರ. ಆ ಮನೆಯ ಸುಂದರಿ ಅಕ್ಕ ರೇಶನ್ ಅಕ್ಕಿಯಲ್ಲೇ ಉಳಿಸಿ, ಎಲ್ಲಿಂದಲೋ ಕೆಸುವಿನ ಎಲೆ ತಂದು, ಪತ್ರೊಡೆ ಮಾಡಿದ್ದರು. ಸುತ್ತು ಮೆಟ್ಟಿಲು ಹತ್ತಿ ಹೋಗಿ ತಿಂದೆ. ದೀಪದ ಬೆಳಕು ಹೊರಗೆ ಬೀಳದಂತೆ ಕಿಟಕಿಯ ಗಾಜಿಗೆ ಬ್ಲ್ಯಾಕೌಟಿನ ಕಪ್ಪು ಕಾಗದ ಅಂಟಿಸಿತ್ತು. ಹುಳಿ ಮಾತ್ರ ಒಂದು ಕೂದಲೆಳೆ ಹೆಚ್ಚಾಗಿತ್ತು.

ಹೀಗೆ ಬರೆದೆ. ಎಲ್ಲೂ ತಡವರಿಸಲಿಲ್ಲ. ನೀವೂ ಮೆಚ್ಚಿದಿರಿ. ದಾದರ್‌ನಿಂದ ಒಬ್ಬರು ‘ಕಣ್ಣಿಗೆ ಕಟ್ಟಿದಂತಿದೆ’ ಎಂದು ಬರೆದರು. ನಾನು ಆ ಕಾರ್ಡನ್ನು ಹೆಂಡತಿಗೆ ಎರಡು ಸಲ ಓದಿ ಹೇಳಿದೆ.

ಒಂದು ಭಾನುವಾರ ಬೆಳಿಗ್ಗೆ ಬಾಗಿಲಲ್ಲಿ ಸುಂದರಿ ಅಕ್ಕನೇ ನಿಂತಿದ್ದರು. ಜೊತೆಗೆ ಮಗಳು ವಾಸಂತಿ.

“ರಾಯರೆ, ನೀವು ಬರೆದದ್ದನ್ನು ಇವಳು ಓದಿ ಹೇಳಿದ್ಲು. ಕನ್ನಡ ಓದ್ಲಿಕ್ಕೆ ಇವಳು ಅಕ್ಷರ ಅಕ್ಷರ ಹೆಕ್ಕಬೇಕು. ಆದ್ರೂ ಪೂರಾ ಓದಿದ್ಲು. ಹುಳಿ ಹೆಚ್ಚಾಗಿತ್ತಂತೆ?”

“ಅದು ಅಕ್ಕ, ಬರೆಯುವಾಗ ಸ್ವಲ್ಪ…”

“ಇರ್ಲಿ ಮಾರಾಯ್ರೆ, ಹುಳಿ ನಾನು ಒಪ್ಪಿಕೊಳ್ತೇನೆ. ನಮಗೆ ನೀವೊಂದು ಸಾಕ್ಷಿ ಹೇಳ್ಬೇಕು.”

ವಿಷಯ ಇಷ್ಟು. ಬಂಗಲೆಯ ಯಜಮಾನ ದಾದಾಸಾಹೇಬ ಒಂಟಿ ಮುದುಕ. ಗೋಪುರದ ಕೋಣೆಯನ್ನು ಸುಂದರಿ ಅಕ್ಕನಿಗೂ ಅವರ ಗಂಡ ವಾಸುದೇವ ಭಟ್ಟರಿಗೂ ಕೊಟ್ಟಾಗ, ಬಾಡಿಗೆಗೆ ಬದಲು ಎರಡು ಹೊತ್ತಿನ ಊಟ ಎಂದು ಮಾತಾಗಿತ್ತು. ಭಟ್ಟರು ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡುಗೆಯವರು. ಮುದುಕನ ತಟ್ಟೆ ಮಾತ್ರ ಅಕ್ಕನ ಒಲೆಯಿಂದಲೇ ಇಳಿಯುತ್ತಿತ್ತು. ಈಗ ಮುದುಕ ತೀರಿಕೊಂಡಿದ್ದಾನೆ. ಬಂಗಲೆ ಅವನ ಸೋದರಳಿಯನ ಕೈಗೆ ಬಂದಿದೆ. ಅಳಿಯ ಅದನ್ನು ಕೆಡವಿ ಬಿಲ್ಡಿಂಗ್ ಕಟ್ಟಿಸಬೇಕೆಂದಿದ್ದಾನೆ. ಅವನ ವಾದ ಸರಳ: ಇವರು ಬಾಡಿಗೆದಾರರೇ ಅಲ್ಲ, ಯುದ್ಧ ಮುಗಿದು ಮುದುಕ ಹಾಸಿಗೆ ಹಿಡಿದ ಮೇಲೆ ನೋಡಿಕೊಳ್ಳಲು ಬಂದ ಅಡುಗೆಯವರು, ಅದಕ್ಕೆ ಮುಂಚೆ ಆ ಗೋಪುರದಲ್ಲಿ ಪಾರಿವಾಳ ಬಿಟ್ಟರೆ ಬೇರೆ ಸಂಸಾರ ಇರಲಿಲ್ಲ.

“ಬಾಡಿಗೆಯ ರಸೀದಿ ತೋರಿಸಿ ಅಂತಾರೆ. ಬಡಿಸಿದ ಅನ್ನಕ್ಕೆ, ಸಾರಿಗೆ ರಸೀದಿ ಉಂಟಾ ರಾಯರೆ?” ಅಂದರು ಅಕ್ಕ.

ಯುದ್ಧದ ಕಾಲದಲ್ಲೇ ಅವರು ಅಲ್ಲಿದ್ದರು ಎಂದು ಯಾರಾದರೂ ಹೇಳಬೇಕು. ಆಗಿನ ನೆರೆಯವರು ಚೆದುರಿಹೋಗಿದ್ದಾರೆ. ಉಳಿದವನು ನಾನೊಬ್ಬ. ಸಾಲದ್ದಕ್ಕೆ ಊರಿಗೆಲ್ಲ ಗೊತ್ತಾಗುವಂತೆ ಬರೆದವನು.

“ಬರ್ತಾರ್ರಿ ಅಕ್ಕಾ, ಬರಲಾರದ ಏನ್ ಮಾಡ್ತಾರ?” ಎಂದಳು ನನ್ನ ಹೆಂಡತಿ. ಅವಳು ಧಾರವಾಡದವಳು, ನನ್ನ ಪರವಾಗಿ ಒಪ್ಪಿಕೊಳ್ಳುವುದರಲ್ಲಿ ಉದಾರಿ.

ನಾನೂ ಒಪ್ಪಿದೆ. ಒಪ್ಪಿ, ಸಾಕ್ಷಿಗೆ ತಯಾರಿ ನಡೆಸಿದೆ. ಏನು ತಯಾರಿ ಅಂತೀರಿ? ಕೋರ್ಟಿನ ಕಾಗದಗಳಲ್ಲಿ ಆ ಕೋಣೆಯನ್ನು ‘ಟರೆಟ್’ ಎಂದು ಕರೆದಿದ್ದರು. ನಾನು ಆ ಶಬ್ದದ ಬೆನ್ನು ಹತ್ತಿದೆ.

ಡಿಕ್ಷನರಿ ತೆಗೆದರೆ ಮೊದಲಿಗೆ ಕೋಟೆ ಸಿಕ್ಕಿತು. ದೊಡ್ಡ ಗೋಡೆಯ ಅಂಚಿಗೆ ಅಂಟಿಕೊಂಡ ಸಣ್ಣ ಗೋಪುರ. ಆಮೇಲೆ ಅದೇ ಹೆಸರು ಯುದ್ಧದ ಹಡಗು ಹತ್ತಿದೆ. ಫಿರಂಗಿಯನ್ನು ಹೊತ್ತು ತಿರುಗುವ ಉಕ್ಕಿನ ಗೂಡಿಗೂ ಟರೆಟ್ಟೇ. ಟ್ಯಾಂಕಿನ ತಲೆಗೂ ಅದೇ. ನಮ್ಮ ಬಿಲ್ಡಿಂಗಿನ ಕುಲಕರ್ಣಿ ಕಾರ್ಖಾನೆಯಲ್ಲಿ ಫಿಟ್ಟರ್. ಅವರಲ್ಲಿ ಟರೆಟ್ ಲೇತ್ ಎಂಬ ಲೋಹ ಕಡೆಯುವ ಯಂತ್ರ ಇದೆಯಂತೆ. ಒಂದೇ ತಲೆಗೆ ಹಲವು ಉಳಿಗಳು. ಕೊರೆಯುವುದು ಮುಗಿಯಿತೋ, ತಲೆ ತಿರುಗಿಸು, ಕೆತ್ತುವುದು ಬಂತು. ಇಲ್ಲಿನ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿಯುವ ಗೆಳೆಯನೊಬ್ಬ ಲೋಕಲ್‌ನಲ್ಲಿ ಸಿಕ್ಕಾಗ ಕೇಳಿದೆ. “ನಮ್ಮ ಕ್ಯಾಮೆರಾದ ಮೂಗಿನ ಮೇಲೇ ಉಂಟಲ್ಲ ಟರೆಟ್” ಅಂದ. ಒಂದು ತಟ್ಟೆಗೆ ಮೂರು ಲೆನ್ಸು. ತಿರುಗಿಸಿದರೆ ಹತ್ತಿರದ ಮುಖ ದೂರ ಹೋಗುತ್ತದೆ, ದೂರದ ಮರ ಹತ್ತಿರ ಬರುತ್ತದೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ.

ನನಗೆ ಖುಷಿಯೋ ಖುಷಿ. ಈ ಶಬ್ದದ ಮಕ್ಕಳು ಮೊಮ್ಮಕ್ಕಳೆಲ್ಲ ತಿರುಗುತ್ತಾರೆ, ಮನೆಯ ಹಿರಿಯ ಗೋಪುರ ಒಂದೇ ಅಲ್ಲಾಡದೆ ನಿಂತಿದೆ. ಒಂದು ಅಂಕಣಕ್ಕೆ ಸಾಕಾಗುವಷ್ಟು ಸರಕು. ಆದರೆ ಅಕ್ಕ ಆ ಕೋಣೆಗೆ ಯಾವ ವರ್ಷ ಬಂದರು ಎಂದು ಕೂತು ಯೋಚಿಸಿದೆನೇ? ಇಲ್ಲ. ಅದು ಗೊತ್ತೇ ಇದೆ ಅಂದುಕೊಂಡಿದ್ದೆ. ಬರೆದಾಗಿತ್ತಲ್ಲ.

ಕೋರ್ಟಿಗೆ ಹೊರಟ ದಿನ ಹೆಂಡತಿ ಕೋಟಿನ ಧೂಳು ಕೊಡವುತ್ತ ಹೇಳಿದಳು: “ಅವರು ಇದ್ರೇನು ಅಂತ ಕೇಳಿದ್ರ ಇದ್ರು ಅನ್ರಿ. ಅದರ ಮ್ಯಾಲ ಒಂದು ಶಬ್ದ ಬ್ಯಾಡ.”

ನಮ್ಮ ವಕೀಲರು ಕೇಳಿದರು. ಇದ್ದರು ಅಂದೆ. ಅಲ್ಲಿಗೆ ಇಳಿದು ಬರಬೇಕಿತ್ತು.

ಆಮೇಲೆ ಅಳಿಯನ ವಕೀಲರು ಎದ್ದರು. ಬಹಳ ಮರ್ಯಾದೆಯ ಮನುಷ್ಯ. (ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಕನ್ನಡದಲ್ಲಿ ಹೇಳುವಾಗ ನನ್ನ ಪೆದ್ದುತನ ಇನ್ನೂ ಚೆನ್ನಾಗಿ ಕಾಣುತ್ತದೆ.)

“ತಾವು ಎಂ.ಎ. ಪದವೀಧರರು, ಬರಹಗಾರರು ಎಂದು ಕೇಳಿದ್ದೇನೆ. ಟರೆಟ್ ಎಂದರೇನು, ಸ್ವಲ್ಪ ತಿಳಿಸುತ್ತೀರಾ?”

ತಿಳಿಸಿದೆ. ಕೋಟೆಯಿಂದ ಹಡಗಿಗೆ, ಹಡಗಿನಿಂದ ಲೇತಿಗೆ, ಲೇತಿನಿಂದ ಕ್ಯಾಮೆರಾಕ್ಕೆ. ಜಡ್ಜರು ಪೆನ್ನು ಕೆಳಗಿಟ್ಟು ಕೇಳಿದರು. ನಕ್ಕರು ಕೂಡ. ನನಗೆ ಕಟಕಟೆ ಕಾಲೇಜಿನ ವೇದಿಕೆಯಂತೆ ಕಂಡಿತು. ಎದುರಿನ ಬೆಂಚಿನ ಮೇಲೆ ಸುಂದರಿ ಅಕ್ಕ ಟಿಫಿನ್ ಕ್ಯಾರಿಯರ್ ತೊಡೆಯ ಮೇಲಿಟ್ಟುಕೊಂಡು, ಒಂದು ಮಾತೂ ತಿಳಿಯದೆ, ನಾನು ಏನೋ ದೊಡ್ಡದನ್ನೇ ಹೇಳುತ್ತಿದ್ದೇನೆಂದು ನನ್ನ ಬಾಯನ್ನೇ ನೋಡುತ್ತಿದ್ದರು.

“ಎಷ್ಟು ಖಚಿತ” ಎಂದರು ವಕೀಲರು. “ಇನ್ನು ಆ ತಿಂಡಿ. ರೇಶನ್ ಅಕ್ಕಿಯದು ಎಂದು ಬರೆದಿದ್ದೀರಂತೆ. ಯುದ್ಧ ಮುಗಿದ ಮೇಲೂ ರೇಶನ್ ಇತ್ತಲ್ಲವೇ?”

“ಇತ್ತು.”

“ಕಿಟಕಿಯ ಕಪ್ಪು ಕಾಗದ. ಯುದ್ಧ ಮುಗಿದ ಕೂಡಲೇ ಎಲ್ಲರೂ ಕಿತ್ತರೇ?”

“ಇಲ್ಲ. ಕೆಲವು ಮನೆಗಳಲ್ಲಿ ವರ್ಷಗಟ್ಟಲೆ ಇತ್ತು.”

“ಓದು ಮುಗಿದ ಮೇಲೂ ತಾವು ಆ ಬಂಗಲೆಗೆ ಹೋಗಿಬರುತ್ತಿದ್ದಿರಿ, ಅಲ್ಲವೇ?”

“ಹೌದು.”

“ಹಾಗಾದರೆ ತಾವು ಆ ಮೆಟ್ಟಿಲು ಹತ್ತಿದ್ದು ವಿದ್ಯಾರ್ಥಿಯಾಗಿದ್ದಾಗಲೇ, ಆಮೇಲಿನ ಯಾವುದೋ ಮಳೆಗಾಲದಲ್ಲಿ ಅಲ್ಲ ಎಂದು ಪೂರ್ಣ ನಿಶ್ಚಯದಿಂದ ಹೇಳಬಲ್ಲಿರಾ? ತಮ್ಮಂಥ ವಿಚಾರವಂತರಿಂದ ಪ್ರಾಮಾಣಿಕ ಉತ್ತರ ಬೇಕು.”

ಪೂರ್ಣ ನಿಶ್ಚಯ! ಆ ಎರಡು ಶಬ್ದಗಳ ವಿರುದ್ಧವೇ ಅಲ್ಲವೇ ನಾನು ಯೂನಿವರ್ಸಿಟಿಯಲ್ಲಿ ಪೇಪರು ಬರೆದು ಫಸ್ಟ್ ಕ್ಲಾಸ್ ತೆಗೆದುಕೊಂಡದ್ದು?

ಕಣ್ಣು ಮುಚ್ಚಿ ನೋಡಿದೆ. ಮೆಟ್ಟಿಲು ಕಂಡಿತು. ಬಾಳೆ ಎಲೆ ಕಂಡಿತು. ಕಪ್ಪು ಕಾಗದವೂ ಕಂಡಿತು. ಆದರೆ ಅದನ್ನು ಆ ಕಿಟಕಿಯ ಮೇಲೆ ನಾನು ಕಂಡದ್ದೋ, ಇಲ್ಲ ಬರೆಯುವಾಗ ನಾನೇ ಅಂಟಿಸಿದ್ದೋ? ತಿಳಿಯಲಿಲ್ಲ. ನಿಜವಾಗಿಯೂ ತಿಳಿಯಲಿಲ್ಲ. ಅಲ್ಲಿಯವರೆಗೆ ನನ್ನದು ತಪ್ಪೆಂದು ನಾನು ಒಪ್ಪುವುದಿಲ್ಲ.

ತಪ್ಪು ನಂತರದ್ದು. ‘ಅವರು ಇದ್ದರು ಎಂದೇ ನನ್ನ ನಂಬಿಕೆ’ ಎಂದು ಹೇಳಿ ಸುಮ್ಮನಾಗಬಹುದಿತ್ತು. ನಾನು ಕನ್ನಡಕ ತೆಗೆದು ಒರೆಸಿ, ನೆನಪು ಫೋಟೋದಂಥದ್ದಲ್ಲ ಎಂದು ಶುರುಮಾಡಿದೆ. ಪ್ರತಿ ಸಲ ತೆಗೆದಾಗಲೂ ಅದನ್ನು ಹೊಸದಾಗಿ ಬರೆಯುತ್ತೇವೆ ಎಂದೆ. ವಿಚಾರವಂತನಾದವನು ಹತ್ತು ವರ್ಷದ ಹಿಂದಿನ ಯಾವುದರ ಬಗ್ಗೆಯೂ ಪೂರ್ಣ ನಿಶ್ಚಯದಿಂದ ಮಾತಾಡಲಾರ ಎಂದೆ. ಮಾತು ಚೆನ್ನಾಗಿ ಬರುತ್ತಿತ್ತು. ಅದೇ ನನಗೆ ಈಗ ನಾಚಿಕೆ. ಆ ಹೊತ್ತಿಗೆ ನನಗೆ ಹಿತವಾಗುತ್ತಿತ್ತು.

“ಧನ್ಯವಾದ, ಇಷ್ಟು ಸಾಕು” ಎಂದರು ವಕೀಲರು.

ಶಬ್ದದ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಕೋಣೆಯ ಬಗ್ಗೆ ಇತ್ತು. ಜಡ್ಜರು ಪೆನ್ನು ಎತ್ತಿಕೊಂಡರು.

ಹೊರಗೆ ಮೆಟ್ಟಿಲ ಮೇಲೆ ಅಕ್ಕ ಕ್ಯಾರಿಯರ್ ಬಿಚ್ಚಿ ಕೂತಿದ್ದರು. ನಮ್ಮ ವಕೀಲರು ಅವರಿಗೆ ಆಗಲೇ ಎಲ್ಲ ಹೇಳಿದ್ದರು. ಭಟ್ಟರು ನನ್ನ ಕಡೆ ನೋಡಲಿಲ್ಲ. ಅಕ್ಕ ನೋಡಿದರು.

“ನಿಮಗೆ ಹುಳಿ ಹೆಚ್ಚಾದದ್ದು ನೆನಪುಂಟು. ವರ್ಷ ನೆನಪಿಲ್ಲ” ಅಂದರು. ಸಿಟ್ಟಿನಲ್ಲಿ ಅಲ್ಲ, ಅಂಗಡಿಯಲ್ಲಿ ಒಂದು ಸಾಮಾನು ಇದೆ, ಇನ್ನೊಂದು ಇಲ್ಲ ಎನ್ನುವ ಹಾಗೆ. ನಂತರ ಒಂದು ಮುಚ್ಚಳದಲ್ಲಿ ಮೊಸರನ್ನ ಹಾಕಿ ನನ್ನ ಕಡೆ ತಳ್ಳಿದರು. “ಊಟದ ಹೊತ್ತು ಮೀರಿತು, ತಿನ್ನಿ. ಇದನ್ನು ಬರೀಬೇಡಿ.”

(ಬರೆದೆ, ಅಕ್ಕ.)

ಮನೆಗೆ ಬಂದು ಹೆಂಡತಿಯ ಮುಂದೆ ವಾದಿಸಿದೆ. ಪ್ರಮಾಣ ಮಾಡಿ ಹೇಳುವಾಗ ಗೊತ್ತಿಲ್ಲದ್ದನ್ನು ಗೊತ್ತು ಅನ್ನಲೇ? ಸುಳ್ಳು ಹೇಳಲೇ?

“ಸುಳ್ಳು ಹೇಳ್ರಿ ಅಂತ ಯಾರಂದ್ರು?” ಅಂದಳು. “ಅಕ್ಕ ಅಲ್ಲಿ ಇದ್ರೋ ಇಲ್ಲೋ ಅಂತ ಕೇಳಿದ್ರು. ನೀವು ನಿಮ್ಮ ತಲಿ ಹೆಂಗದ ಅಂತ ಹೇಳಿ ಬಂದ್ರಿ.”

ತೀರ್ಪು ಬರುವ ತನಕ ಕಾಯಲಿಲ್ಲ ಅವರು. ಇನ್ನು ಗೆಲ್ಲುವ ಆಸೆ ಇಲ್ಲ, ಮನೆ ಬಿಡಲು ಅಳಿಯ ಕೊಟ್ಟಷ್ಟು ಗಡುವು ತೆಗೆದುಕೊಳ್ಳಿ ಎಂದು ವಕೀಲರೇ ಹೇಳಿದರಂತೆ. ಚೆಂಬೂರಿನ ಒಂದು ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು. ಭಟ್ಟರಿಗೆ ಹೋಟೆಲು ದೂರವಾಯಿತು. ವಾಸಂತಿಯ ಶಾಲೆ ತಪ್ಪಿತು.

ಹೋದ ಭಾನುವಾರ ಅವರು ಹೊರಟರು. “ಸಾಮಾನು ಎತ್ತಲಿಕ್ಕರೆ ಹೋಗ್ರಿ, ಅದಕ್ಕ ನೆನಪು ಬೇಕಾಗಂಗಿಲ್ಲ” ಎಂದು ಹೆಂಡತಿ ನನ್ನನ್ನು ಹೊರದಬ್ಬಿದಳು. ಬಹಳ ದಿನದ ಮೇಲೆ ನೇರ ರಸ್ತೆಯಲ್ಲಿ ನಡೆದೆ.

ಆ ಕೋಣೆಯನ್ನು ನೀವು ನೋಡಬೇಕಿತ್ತು. ದುಂಡು ಕೋಣೆ, ಮೂಲೆಯೇ ಇಲ್ಲ. ಕಪಾಟು ಇಟ್ಟರೆ ಹಿಂದೆ ಬೆಕ್ಕು ಮಲಗುವಷ್ಟು ಜಾಗ ಉಳಿಯುತ್ತದೆ. ದೇವರನ್ನು ಈಶಾನ್ಯ ಮೂಲೆಯಲ್ಲಿಡಬೇಕು. ಮೂಲೆಯೇ ಇಲ್ಲದಲ್ಲಿ ಈಶಾನ್ಯ ಎಲ್ಲಿ? ಬಂದ ಹೊಸತರಲ್ಲಿ ಅಕ್ಕನಿಗೆ ಅದೇ ಚಿಂತೆಯಾಗಿತ್ತಂತೆ. ಕೊನೆಗೆ ಭಟ್ಟರು ಬಡಗಿಗೆ ಹೇಳಿ ಗೋಡೆಯ ಬಾಗಿಗೆ ಸರಿಯಾಗಿ ಬಾಗಿದ ಒಂದು ಹಲಗೆ ಮಾಡಿಸಿದ್ದರು. ಅರ್ಧ ಚಂದ್ರದಂತೆ. ದೇವರುಗಳೆಲ್ಲ ಅದರ ಮೇಲೆ ಪಂಕ್ತಿಯ ಊಟಕ್ಕೆ ಕೂತಂತೆ ಕೂತಿದ್ದರು.

ದೇವರು ಆಗಲೇ ಬುಟ್ಟಿ ಸೇರಿದ್ದರು. ಭಟ್ಟರು ಮೊಳೆ ಕೀಳುತ್ತಿದ್ದರು. ನಾನು ಹಲಗೆಯ ಇನ್ನೊಂದು ತುದಿ ಹಿಡಿದೆ.

“ಗಟ್ಟಿ ಹಿಡ್ಕೊಳ್ಳಿ ರಾಯರೆ” ಎಂದರು ಅಕ್ಕ, ಪಾತ್ರೆ ಕಟ್ಟುತ್ತ, ತಲೆಯೆತ್ತದೆ. “ಮೊಳೆ ಹೊಡೆಯುವಾಗಲೂ ನೀವೇ ಹಿಡಿದದ್ದು. ಮರುದಿವಸ ಪರೀಕ್ಷೆ ಉಂಟು, ಬೇಗ ಬಿಡಿ ಅಂತ ಗಲಾಟೆ ಮಾಡಿದ್ರಿ.”

ಕೈಗೆ ನೆನಪಾಯಿತು. ತಲೆಗಿಂತ ಮೊದಲು ಕೈಗೆ. ತೋಳು ಸೋತದ್ದು, ಸುತ್ತಿಗೆಯ ಪೆಟ್ಟು ಮೊಣಕೈಗೆ ಇಳಿದದ್ದು, ಅಂಗಿಯ ಜೇಬಿನಲ್ಲಿ ಪರೀಕ್ಷೆಯ ಟಿಪ್ಪಣಿ. ಹೌದು, ವಿದ್ಯಾರ್ಥಿಯೇ. ಯುದ್ಧದ ಕಾಲವೇ.

ಅಥವಾ ಅಕ್ಕ ಹೇಳಿದ್ದರಿಂದ ನೆನಪಾಯಿತೇ? ನನ್ನ ಸ್ವಭಾವ ನೋಡಿ, ಅಲ್ಲೂ ಬಿಡಲಿಲ್ಲ.

“ಹೌದಕ್ಕ, ನಾನೇ ಹಿಡಿದಿದ್ದೆ” ಎಂದೆ. ಹೇಳಲು ಒಂದಿಷ್ಟೂ ಕಷ್ಟವಾಗಲಿಲ್ಲ. ಆ ಮಾತಿನಿಂದ ಇನ್ನು ಯಾರಿಗೂ ಉಪಯೋಗವಿರಲಿಲ್ಲ.

ಹಲಗೆಯನ್ನು ಲಾರಿಗೆ ಹಾಕಲಿಲ್ಲ. ಚೆಂಬೂರಿನ ಕೋಣೆ ಚೌಕ, ಗೋಡೆಗಳೆಲ್ಲ ನೇರ. ಅಲ್ಲಿ ಅದು ಎಲ್ಲಿಯೂ ಕೂರುವುದಿಲ್ಲ. “ಅಲ್ಲಿ ಮೂಲೆ ಉಂಟು” ಎಂದರು ಅಕ್ಕ. ಭಟ್ಟರು ಅದನ್ನು ಗೋಡೆಗೆ ಒರಗಿಸಿ, ಬಾಗಿಲು ಎಳೆದುಕೊಂಡು ಇಳಿದರು.

ಸ್ಟುಡಿಯೋದ ಗೆಳೆಯ ಹೇಳಿದ ಮಾತು ಈಗ ತಲೆಯಲ್ಲಿ ತಿರುಗುತ್ತಿದೆ. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ, ತಟ್ಟೆ ತಿರುಗಿಸಿದರೆ ಸಾಕು. ನಿಮಗಾಗಿ ಬರೆಯಲು ಕೂತಾಗ ನಾನು ಹತ್ತಿರ ತರುವ ಲೆನ್ಸು ತಿರುಗಿಸಿಕೊಳ್ಳುತ್ತೇನೆ. ಹುಳಿಯ ರುಚಿ ಕೂಡ ಸ್ಪಷ್ಟ. ಅಕ್ಕನಿಗಾಗಿ ನಿಂತಾಗ ದೂರ ಒಯ್ಯುವುದಕ್ಕೆ ತಿರುಗಿಸಿದೆ. ಒಂದು ಇಡೀ ಸಂಸಾರ ಮಸುಕಾಯಿತು. ತಿರುಗಿಸಿದ ಕೈ ನನ್ನದೇ.

ಪ್ರತಿ ವಾರ ನಿಮ್ಮೆದುರು ಅಳುಕಿಲ್ಲದೆ ನೆನಪಿಸಿಕೊಳ್ಳುವ ನನಗೆ, ಒಬ್ಬರ ಮನೆ ಉಳಿಯಬೇಕಾಗಿದ್ದ ಆ ಒಂದು ದಿನ ಮಾತ್ರ ಸತ್ಯದ ಮೇಲೆ ಅಷ್ಟೊಂದು ಪ್ರೀತಿ ಯಾಕೆ ಬಂತು?